ಗಾಡಿಯ ಗದ್ದುಗೆ
(ಕೇಶ್ವಾಪುರದ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು ಈ ಸಭೆಯಲ್ಲಿ ಅನೇಕರುಂಟು; ನಾವೂ ಅವರಲ್ಲೊಬ್ಬರು. ಆ ಭವ್ಯ ಕಟ್ಟಡವು ಮೊದಲು ವಿದ್ಯೆಗಾಗಿ ಎದ್ದುದಲ್ಲ. ಸದರ್ನ್ ಮರಾಠಾ ರೇಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿದ್ದಿತು. ಹುಬ್ಬಳ್ಳಿಯ ಕಾರ್ಖಾನೆಯು 1885ರಲ್ಲಿ ಹುಟ್ಟಿದ್ದೂ ಆ ಕಂಪನಿಯ ಕಾಲದಲ್ಲಿಯೇ. 1908ರಲ್ಲಿ ಕಂಪನಿಯು ಮದ್ರಾಸು ರೇಲ್ವೆಯೊಡನೆ ಕೂಡಿತು. ಕಾರ್ಖಾನೆಯ ದುಡಿಮೆ ನಮ್ಮಲ್ಲಿ ಉಳಿಯಿತು. ನಿರ್ಣಯದ ಲೇಖಣಿ ಮದ್ರಾಸಿಗೆ ಹೋಯಿತು.

1956ರ ನವೆಂಬರ 1ರಂದು ಕನ್ನಡ ನಾಡು ಒಂದಾಯಿತು. ಆದರೆ ಕಂಬಿಗಳು ಒಂದಾದವೇ? ಇಲ್ಲ. 1966ರಲ್ಲಿ ದಕ್ಷಿಣ ಮಧ್ಯ ರೇಲ್ವೆ ಹುಟ್ಟಿದಾಗ ಹುಬ್ಬಳ್ಳಿಯು ಸಿಕಂದರಾಬಾದದ ಕೈಗೆ ಹೋಯಿತು. ಮೈಸೂರು, ಬೆಂಗಳೂರುಗಳು ಮದ್ರಾಸಿನ ಅಧೀನದಲ್ಲಿಯೇ ಉಳಿದವು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ಗಾಡಿ ಕನ್ನಡ ನೆಲವನ್ನು ಬಿಡದೆಯೇ ಇಬ್ಬರು ಒಡೆಯರ ಸೀಮೆಯನ್ನು ದಾಟಬೇಕಾಗಿದ್ದಿತು. ಒಂದು ಹೊಸ ಗಾಡಿ ಬೇಕೆಂದರೆ ಎರಡು ದೂರದ ಕಚೇರಿಗಳು ಒಪ್ಪಬೇಕು.

ಹೊಸ ವಲಯದ ಕೇಂದ್ರವು ಮೊದಲು ಬೆಂಗಳೂರಿಗೆ ಗೊತ್ತಾಗಿದ್ದಿತು. ಈ ಭಾಗದ ಜನ ಚಳವಳಿ ಹೂಡಿದರು. ಕೊನೆಗೆ 2003ರ ಏಪ್ರಿಲ 1ರಂದು ನೈಋತ್ಯ ರೇಲ್ವೆಯು ಹುಬ್ಬಳ್ಳಿಯಲ್ಲಿಯೇ ಗದ್ದುಗೆಯೇರಿತು. ಮೂರು ವಿಭಾಗಗಳಿಗೆ ಒಂದೇ ಯಜಮಾನಿಕೆ, ಒಂದೇ ವೇಳಾಪತ್ರಿಕೆಯ ಯೋಜನೆ. ಬೇಡಿಕೆ ಇರುವಲ್ಲಿಗೆ ನಿರ್ಣಯ ಹತ್ತಿರ ಬಂದರೆ ಸೇವೆಯ ರೀತಿಯೇ ಬದಲಾಗುತ್ತದೆ. 2023ರ ಮಾರ್ಚದಲ್ಲಿ ಉದ್ಘಾಟನೆಯಾದ 1507 ಮೀಟರು ಉದ್ದದ ನಮ್ಮ ನಿಲ್ದಾಣದ ಕಟ್ಟೆಯೇ ಇದಕ್ಕೆ ಸಾಕ್ಷಿ.

ಆದರೆ ಹಿಗ್ಗಿ ಮಲಗುವ ಹೊತ್ತಲ್ಲವಿದು. ಆ ದಿನ ಮಂಗಳೂರು, ಕಲಬುರ್ಗಿ, ರಾಯಚೂರು, ಬೀದರಗಳು ಈ ವಲಯದ ಹೊರಗೇ ಉಳಿದವು. ನಾಡಿನ ಏಕೀಕರಣಕ್ಕಿಂತ 46 ವರ್ಷಕ್ಕೂ ಹೆಚ್ಚು ತಡವಾಗಿ ಬಂದ ಕಂಬಿಗಳ ಏಕೀಕರಣವೂ ಅರೆಯಾಗಿಯೇ ಬಂದಿತು.

ಸಂಸ್ಥೆಯು ತಾನಾಗಿ ಸೇವೆ ಮಾಡುವುದಿಲ್ಲ, ಕೇಳುವವರಿದ್ದರೆ ಮಾಡುತ್ತದೆ. ವಕೀಲರಾದ ನಾವು ಬಲ್ಲೆವು: ಅರ್ಜಿಯೇ ಇಲ್ಲದ ಕಕ್ಷಿಗಾರನಿಗೆ ನ್ಯಾಯಾಲಯ ಎದುರಿಗಿದ್ದರೂ ದೂರವೇ. ಶಿಕ್ಷಕ ಮಹಾಶಯರೇ, ನಿಮ್ಮ ಊರ ನಿಲ್ದಾಣದ ಕೊರತೆಗಳನ್ನು ಕನ್ನಡದಲ್ಲಿ ಬರೆಯಿರಿ, ಕನ್ನಡದಲ್ಲಿಯೇ ಉತ್ತರ ಬೇಡಿರಿ. ಗದ್ದುಗೆ ಮನೆಗೆ ಬಂದಿದೆ. ಅದನ್ನು ಮಾತನಾಡಿಸುವ ಭಾರ ನಮ್ಮದು.