ಊರಿನ ನಕ್ಷೆ ಊರವರ ಕೈಗೆ



ಮುಂಬೈಯ ಚಾಳಿರಲಿ, ಹೈದರಾಬಾದಿನ ಗಲ್ಲಿಯಿರಲಿ, ಹೊಸಬರು ಮನೆ ಹುಡುಕಿಕೊಂಡು ಬಂದರೆ ನಾವು ಏನು ಹೇಳುತ್ತೇವೆ? "ಗಣಪತಿ ಗುಡಿ ದಾಟಿ, ಇಸ್ತ್ರಿ ಅಂಗಡಿ ಪಕ್ಕ ಎಡಕ್ಕೆ ತಿರುಗಿ." ಊರು ಬಲ್ಲವರಿಗೆ ಅಷ್ಟು ಸಾಕು. ಆದರೆ ಭೂಕಂಪದಲ್ಲಿ ಆ ಗುಡಿಯೂ ಅಂಗಡಿಯೂ ನೆಲ ಕಚ್ಚಿದ್ದು, ದೂರದಿಂದ ಬಂದ ರಕ್ಷಣಾ ತಂಡದವರು ದಾರಿ ಕೇಳಿದರೆ? ಆಗ ಬೇಕಾಗುವುದು ನಕ್ಷೆ. ಸರಿಯಾದ ನಕ್ಷೆಯೇ ಇಲ್ಲದ ಊರುಗಳು ಜಗತ್ತಿನಲ್ಲಿ ಇಂದಿಗೂ ಬೇಕಾದಷ್ಟಿವೆ. ಅಂಥ ಊರುಗಳ ನಕ್ಷೆ ಬರೆಯುವ ಸ್ವಯಂಸೇವಕರ ಸಂಸ್ಥೆಯೊಂದರ ಬಗ್ಗೆ, ಅದು ಮುಂದೆ ಹಿಡಿಯಬೇಕಾದ ದಾರಿಯ ಬಗ್ಗೆ ಇವತ್ತಿನ ಮಾತು.

2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬುವರು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಶುರು ಮಾಡಿದರು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಅದರ ನಿಜವಾದ ಬೆಲೆ ಗೊತ್ತಾದದ್ದು 2010ರ ಜನವರಿ 12ರಂದು, ಹೈಟಿ ದೇಶದಲ್ಲಿ ಭೂಮಿ ನಡುಗಿದಾಗ. ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ನಗರದ ವಿವರವಾದ ನಕ್ಷೆ ಸಿಗದೆ ರಕ್ಷಣಾ ತಂಡಗಳು ಪರದಾಡುತ್ತಿದ್ದವು. ಆಗ ಬೇರೆ ಬೇರೆ ದೇಶಗಳ ನೂರಾರು ಜನ ತಮ್ಮ ತಮ್ಮ ಮನೆಯಲ್ಲೇ ಕುಳಿತು, ಉಪಗ್ರಹ ಚಿತ್ರ ನೋಡಿ, ಬೀದಿ ಬೀದಿಯನ್ನೂ ಗೆರೆ ಎಳೆದು ತುಂಬಿಸಿದರು. ರಕ್ಷಣಾ ತಂಡಗಳು ಅದನ್ನೇ ಹಿಡಿದು ಓಡಾಡಿದವು. ಅದೇ ವರ್ಷ ಈ ಉತ್ಸಾಹಿಗಳು ಒಂದು ಸಂಸ್ಥೆಯಾದರು. ಅದರ ಹೆಸರು ಹ್ಯುಮ್ಯಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್, ಚಿಕ್ಕದಾಗಿ 'ಹಾಟ್'.

ಕೆಲಸದ ರೀತಿ ಸರಳ. ನಕ್ಷೆ ಬೇಕಾದ ಪ್ರದೇಶವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಹಂಚುತ್ತಾರೆ. ನೀವು ಒಂದು ಚೌಕ ತೆಗೆದುಕೊಂಡು ಅದರಲ್ಲಿ ಕಾಣುವ ಮನೆ, ರಸ್ತೆಗಳನ್ನು ಗುರುತಿಸುತ್ತೀರಿ. ಅನುಭವಿಯೊಬ್ಬರು ಅದನ್ನು ತಿದ್ದುತ್ತಾರೆ. 2014ರಲ್ಲಿ ರೆಡ್‌ಕ್ರಾಸ್ ಮತ್ತು 'ಗಡಿಯಿಲ್ಲದ ವೈದ್ಯರು' ಸಂಸ್ಥೆಗಳ ಜೊತೆ ಸೇರಿ 'ಮಿಸ್ಸಿಂಗ್ ಮ್ಯಾಪ್ಸ್' ಯೋಜನೆ ಶುರುವಾಯಿತು. ಅನಾಹುತ ಆದ ಮೇಲಲ್ಲ, ಆಗುವ ಮೊದಲೇ ನಕ್ಷೆ ಸಿದ್ಧವಿರಲಿ ಎನ್ನುವುದು ಅದರ ಉದ್ದೇಶ. 2020ರಲ್ಲಂತೂ ಹಾಟ್ ದೊಡ್ಡ ಗುರಿಯನ್ನೇ ಇಟ್ಟುಕೊಂಡಿತು: 94 ದೇಶಗಳಲ್ಲಿ ನೂರು ಕೋಟಿ ಜನ ವಾಸಿಸುವ ಪ್ರದೇಶಗಳನ್ನು ನಕ್ಷೆಗೆ ತರುವುದು.

ಇಲ್ಲೇ ಪ್ರಶ್ನೆ ಏಳುವುದು. ಉಪಗ್ರಹದಿಂದ ಸೂರು ಕಾಣುತ್ತದೆ, ಆದರೆ ಆ ಸೂರಿನ ಕೆಳಗಿರುವುದು ಶಾಲೆಯೋ, ಆಸ್ಪತ್ರೆಯೋ, ದನದ ಕೊಟ್ಟಿಗೆಯೋ? ಮಳೆಗಾಲದಲ್ಲಿ ಯಾವ ಸೇತುವೆ ಮುಳುಗುತ್ತದೆ? ಯಾವ ಕೈಪಂಪು ಕೆಟ್ಟು ನಿಂತಿದೆ? ಲಂಡನ್ನಿನಲ್ಲೋ ಬೆಂಗಳೂರಿನಲ್ಲೋ ಕುಳಿತವರಿಗೆ ಇದು ಕಾಣುವುದಿಲ್ಲ. ಊರವರಿಗೆ ಮಾತ್ರ ಗೊತ್ತು.

ನೇಪಾಳವನ್ನೇ ನೋಡಿ. 2015ರ ಏಪ್ರಿಲ್ 25ರ ಭೂಕಂಪದ ನಂತರ ಹೊರಗಿನ ಸಾವಿರಾರು ಜನ ನಕ್ಷೆಗೆ ಕೈ ಜೋಡಿಸಿದ್ದು ನಿಜ. ಆದರೆ ಕಠ್ಮಂಡುವಿನ ಶಾಲೆ, ಆಸ್ಪತ್ರೆಗಳನ್ನು ಅದಕ್ಕೂ ಮೊದಲೇ ನಕ್ಷೆಗೆ ಸೇರಿಸಿಟ್ಟವರು ಅಲ್ಲಿನ ತರುಣ ತರುಣಿಯರು. ಅವರ 'ಕಠ್ಮಂಡು ಲಿವಿಂಗ್ ಲ್ಯಾಬ್ಸ್' ಸಂಸ್ಥೆಯೇ ಆ ದಿನಗಳಲ್ಲಿ ಮುಂದೆ ನಿಂತಿತು. ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲೂ ಹಾಗೆಯೇ. 2015ರಲ್ಲಿ ಶುರುವಾದ 'ರಮಾನಿ ಹುರಿಯಾ' ಯೋಜನೆಯಲ್ಲಿ ಕಾಲೇಜು ವಿದ್ಯಾರ್ಥಿಗಳೂ ಬಡಾವಣೆಯ ಜನರೂ ಕಾಲ್ನಡಿಗೆಯಲ್ಲಿ ಸುತ್ತಿ, ನೆರೆ ನುಗ್ಗುವ ಜಾಗಗಳನ್ನೂ ಚರಂಡಿಗಳನ್ನೂ ಗುರುತು ಮಾಡಿದರು. ಸ್ವಾಹಿಲಿ ಭಾಷೆಯಲ್ಲಿ ಆ ಹೆಸರಿನ ಅರ್ಥ 'ಮುಕ್ತ ನಕ್ಷೆ'.

ಈಗ ಯಂತ್ರಗಳೂ ಗೆರೆ ಎಳೆಯತೊಡಗಿವೆ. 2021ರಲ್ಲಿ ಗೂಗಲ್ ಕಂಪನಿ ಆಫ್ರಿಕಾದ ಕಟ್ಟಡಗಳ ಆಕಾರವನ್ನು ಕಂಪ್ಯೂಟರಿನಿಂದಲೇ ಗುರುತಿಸಿ ಎಲ್ಲರಿಗೂ ತೆರೆದಿಟ್ಟಿತು. ಹಾಟ್ ಕೂಡ 'ಫೇರ್' ಎಂಬ ಇಂಥದೇ ಸಾಧನವನ್ನು ಕಟ್ಟಿದೆ. ಹಾಗಾದರೆ ಸ್ವಯಂಸೇವಕರಿಗೆ ಇನ್ನೇನು ಕೆಲಸ ಎಂದು ನೀವು ಕೇಳಬಹುದು. ನನ್ನ ಉತ್ತರ ಇಷ್ಟೆ: ಸೂರು ಎಣಿಸುವ ಕೆಲಸ ಯಂತ್ರಕ್ಕೆ ಹೋಗಲಿ, ಹೆಸರು ಬರೆಯುವ ಕೆಲಸ ಊರಿಗೆ ಬರಲಿ. ಹಾಟ್ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳಲ್ಲಿ ಪ್ರಾದೇಶಿಕ ಕೇಂದ್ರಗಳನ್ನು ತೆರೆದಿರುವುದು ಒಳ್ಳೆಯ ಹೆಜ್ಜೆ. ಆದರೆ ಕೇಂದ್ರ ತೆರೆದರೆ ಸಾಲದು. ಯಾವ ಊರು ಮೊದಲು, ಹಣ ಯಾವುದಕ್ಕೆ ಎಂಬ ತೀರ್ಮಾನವೂ ಅಲ್ಲಿಯೇ ಆಗಬೇಕು. ಇನ್ನೊಂದು ಮಾತು. ಜಗಳ, ಯುದ್ಧ ನಡೆಯುವ ಕಡೆ ನಿರಾಶ್ರಿತರ ಬಿಡಾರದ ನಕ್ಷೆ ಕೆಟ್ಟವರ ಕೈಗೂ ಸಿಗಬಹುದು. ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ಹೇಳುವ ಹಕ್ಕು ಅಲ್ಲಿ ಬದುಕುವವರದು.

ಹೊರನಾಡಿನಲ್ಲಿರುವ ನಮಗೂ ಇದರಲ್ಲಿ ಪಾಲಿದೆ. ಬಿಡುವಿನ ಭಾನುವಾರ ಒಂದು ಚೌಕ ತುಂಬಿಸಿ. ಆ ನಕ್ಷೆಯಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿಯೂ ಬರೆಯಬಹುದು. ರಜೆಗೆ ನಿಮ್ಮ ಊರಿಗೆ ಹೋದಾಗ ಹಿರಿಯರನ್ನು ಕೇಳಿ ಕೆರೆ, ಓಣಿ, ಹಳ್ಳಗಳ ಹೆಸರು ಬರೆದುಕೊಂಡು ಬನ್ನಿ. ಆ ಹೆಸರುಗಳು ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ಬಲ್ಲ ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಬೇಕು.