ಮೀನಿನ ಮಿದುಳು, ಒತ್ತಡ ಮತ್ತು ನಮ್ಮ ರೇಣುಕಾಸಾಗರ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ವಿಜ್ಞಾನಿಯೊಬ್ಬರ ಕೆಲಸವನ್ನು ಪರಿಚಯಿಸಿ ಎಂದು ಸಂಘಟಕರು ಹೇಳಿದರು. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು; ಜೀವಶಾಸ್ತ್ರ ನನ್ನ ಕಸುಬಲ್ಲ. ಆದರೂ ಸರ್ ಸಿ.ವಿ. ರಾಮನ್ ಅವರಂಥ ದೊಡ್ಡವರ ಬಗ್ಗೆ ನಿಮ್ಮ ಪುಸ್ತಕದಲ್ಲೇ ಓದುತ್ತೀರಿ. ಹಾಗಾಗಿ ಒಂದೆರಡು ತಾಸಿನ ದಾರಿಯಲ್ಲಿರುವ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಪ್ರೊ. ಸಿ.ಬಿ. ಗಣೇಶ ಅವರನ್ನು ಆರಿಸಿಕೊಂಡೆ. ಅವರು ಕೆಲಸ ಮಾಡಿದ್ದು ಮೀನಿನ ಮೇಲೆ. ಮಲಪ್ರಭೆಯ ದಂಡೆಯವರಾದ ನಮಗೆ ಅದು ದೂರದ ವಿಷಯವಲ್ಲ.

‘ಒತ್ತಡ’ ಎಂಬ ಮಾತನ್ನು ಮಕ್ಕಳು ಪರೀಕ್ಷೆಯಲ್ಲಿ, ನಾವು ಆಫೀಸಿನಲ್ಲಿ ದಿನವೂ ಆಡುತ್ತೇವೆ. 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಚಳಿ, ಗಾಯ, ವಿಷ ಹೀಗೆ ಕಾರಣ ಯಾವುದಾದರೂ ಇಲಿಯ ದೇಹ ಒಂದೇ ಬಗೆಯಲ್ಲಿ ಸ್ಪಂದಿಸುತ್ತದೆ ಎಂದು ತೋರಿಸಿದರು. 2002ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬಹುದಿನದ ಒತ್ತಡದಲ್ಲಿ ಇಲಿಯ ಮಿದುಳಿನಲ್ಲಿ ನೆನಪಿಗೆ ಬೇಕಾದ ಭಾಗದ ನರಕೋಶಗಳ ಕವಲುಗಳು ಕುಗ್ಗುತ್ತವೆ, ಭಯಕ್ಕೆ ಸಂಬಂಧಿಸಿದ ಭಾಗದಲ್ಲಿ ಹೆಚ್ಚುತ್ತವೆ ಎಂದು ಅದು ಕಂಡುಕೊಂಡಿತು.

ಗಣೇಶ ಅವರ ಪ್ರಶ್ನೆ ಇದಕ್ಕೆ ಹತ್ತಿರದ್ದು. ಒತ್ತಡಕ್ಕೆ ಸಿಕ್ಕ ಜೀವಿಯ ಮಿದುಳು ಸಂತಾನೋತ್ಪತ್ತಿಯನ್ನು ಹೇಗೆ ತಡೆಯುತ್ತದೆ? ಮೊದಲು ಮೈಸೂರಿನಲ್ಲಿ ಎಚ್.ಎನ್. ಯಜುರ್ವೇದಿ ಅವರೊಂದಿಗೆ ಹಾವರಾಣಿಯ ಮೇಲೆ ಅಭ್ಯಾಸ ಮಾಡಿ 2002ರಲ್ಲಿ ಪ್ರಕಟಿಸಿದರು. ಧಾರವಾಡದಲ್ಲಿ ತಿಲಾಪಿಯಾ, ಅಂದರೆ ನಾವು ಜಿಲೇಬಿ ಎಂದು ಕರೆಯುವ ಮೀನನ್ನು ತೆಗೆದುಕೊಂಡರು. ಇದು ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ಬಂತು. ತಾಯಿಮೀನು ತತ್ತಿಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ತೊಟ್ಟಿಯಲ್ಲಿಯೂ ಕೆಲವೇ ವಾರಗಳಿಗೊಮ್ಮೆ ತತ್ತಿ ಇಡುವುದರಿಂದ ಪ್ರಯೋಗಕ್ಕೆ ಅನುಕೂಲ.

ಪ್ರಯೋಗದಲ್ಲಿ ಮೀನುಗಳಿಗೆ ಕೊಟ್ಟ ತೊಂದರೆಗಳು ನಮಗೆಲ್ಲ ಪರಿಚಿತ: ಕೈಯಲ್ಲಿ ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಪದೇ ಪದೇ ಬಲೆ ಹಾಕುವುದು, ನೀರಿನ ಮಟ್ಟ ಇಳಿಸುವುದು. ಮೊಟ್ಟೆಯಲ್ಲಿ ಹಳದಿ ಇರುತ್ತದಲ್ಲ, ಮೀನಿನ ತತ್ತಿಗೂ ಅಂಥ ಪೋಷಕ ವಸ್ತು ತುಂಬಬೇಕು. ಯಕೃತ್ತಿನಲ್ಲಿ ತಯಾರಾದ ಅದರ ಪ್ರೋಟೀನು ರಕ್ತದ ಮೂಲಕ ಅಂಡಾಶಯ ಸೇರುತ್ತದೆ. ಒತ್ತಡದಲ್ಲಿ ಈ ತುಂಬುವಿಕೆಗೆ ಅಂಡಗಳು ಸಿದ್ಧವಾಗುವುದೇ ತಡೆದು, ತತ್ತಿ ಇಡುವ ಚಕ್ರ ಮುರಿಯಿತು. 2012ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇದು ಹೇಗೆ ಆಗುತ್ತದೆ? ಮಿದುಳಿನ ಕೆಳಭಾಗದ ಹೈಪೊಥಲಾಮಸ್ ಒಂದು ಹಾರ್ಮೋನನ್ನು ಬಿಟ್ಟು ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ. ಪಿಟ್ಯುಟರಿ ಅಂಡಾಶಯಕ್ಕೆ ಹೇಳುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೂರು ಸರ್ವರ್‌ಗಳ ನಡುವೆ ಹೋಗುವ ಸಂದೇಶ. ಒತ್ತಡದಲ್ಲಿ ಇನ್ನೊಂದು ದಾರಿ ಚುರುಕಾಗಿ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತದೆ. ಈ ದಾರಿಯ ಎಸಿಟಿಎಚ್ ಎಂಬ ಹಾರ್ಮೋನೂ ನೋವು ತಗ್ಗಿಸುವ ಬೀಟಾ ಎಂಡಾರ್ಫಿನ್ನೂ ಒಂದೇ ಮೂಲ ಪ್ರೋಟೀನನ್ನು ಕತ್ತರಿಸಿ ಬಂದವು. ಆ ಎಂಡಾರ್ಫಿನ್ ತಿಲಾಪಿಯಾದ ಅಂಡಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು ಧಾರವಾಡದ ತಂಡ 2013ರಲ್ಲಿ ವರದಿ ಮಾಡಿತು. ಡೋಪಮಿನ್ ಕೂಡ ಈ ತಡೆಯಲ್ಲಿ ಪಾಲುದಾರ ಎಂಬುದಕ್ಕೆ 2015ರಲ್ಲಿ ಸಾಕ್ಷ್ಯ ಕೊಟ್ಟಿತು. 2021ರಲ್ಲಿ ಗಣೇಶ ಅವರು ಮೀನಿನ ಮಿದುಳಿನ ಇಂಥ ವ್ಯವಸ್ಥೆಗಳನ್ನು ಒಟ್ಟುಗೂಡಿಸಿ ವಿಮರ್ಶಾ ಲೇಖನ ಬರೆದರು.

‘ತಿಲಾಪಿಯಾ ಮೊದಲೇ ವಿಪರೀತ ಹೆಚ್ಚುವ ಮೀನು, ಕಡಿಮೆಯಾದರೆ ಒಳ್ಳೆಯದೇ ಅಲ್ಲವೆ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅಷ್ಟು ಗಟ್ಟಿ ಮೀನೇ ಪದೇ ಪದೇ ಬಲೆ ಬಿದ್ದಾಗ ತತ್ತಿ ನಿಲ್ಲಿಸುವುದಾದರೆ, ಮಳೆಗಾಲದ ಹರಿವ ನೀರಿನಲ್ಲಿ ಮಾತ್ರ ತತ್ತಿ ಇಡುವ ಕಾಟ್ಲಾ, ರೋಹು ಮೀನುಗಳ ಗತಿ ಏನು? ತೊಟ್ಟಿಯ ಪ್ರಯೋಗವನ್ನು ಹಾಗೆಯೇ ಜಲಾಶಯಕ್ಕೆ ಅನ್ವಯಿಸಲಾಗದು. ಇಲ್ಲಿ ಬಂದು ನೋಡಿಯೇ ಉತ್ತರ ಹೇಳಬೇಕು. ಇಂಥ ಪ್ರಶ್ನೆಯನ್ನು ನಾವು ಕೇಳುವಂತೆ ಮಾಡಿದ್ದೇ ಈ ಸಂಶೋಧನೆಯ ದೊಡ್ಡ ಪರಿಣಾಮ ಎಂದು ನನಗೆ ತೋರುತ್ತದೆ. ಬಲೆಯನ್ನೇ ನಂಬಿದ ಮನೆಗಳಿಗೆ ಅದು ಅನ್ನದ ಪ್ರಶ್ನೆ.

ನಮ್ಮ ಅಣೆಕಟ್ಟಿನ ಗರಿಷ್ಠ ಮಟ್ಟ 2079.50 ಅಡಿ ಎಂದು ಇಲ್ಲಿನ ಮಕ್ಕಳಿಗೆ ಬಾಯಿಪಾಠ. ಮಳೆಗಾಲದಲ್ಲಿ ನೀರು ಎಷ್ಟು ಬಂತೆಂದು ಊರೆಲ್ಲ ಕೇಳುತ್ತದೆ. ಅದರ ಜೊತೆಗೆ ಮೀನಿನ ಲೆಕ್ಕವನ್ನೂ ಬರೆಯೋಣ ಎಂಬುದು ನನ್ನ ಕೋರಿಕೆ. ವಿಜ್ಞಾನ ಸಂಘದ ಮಕ್ಕಳು ವಾರಕ್ಕೊಮ್ಮೆ ಮೀನುಗಾರರ ಹತ್ತಿರ ಹೋಗಿ, ಅಂದಿನ ನೀರಿನ ಮಟ್ಟ, ಬಲೆಗೆ ಬಿದ್ದ ಮೀನಿನ ಜಾತಿ, ಎಷ್ಟರ ಹೊಟ್ಟೆಯಲ್ಲಿ ತತ್ತಿ ಇತ್ತು, ಎಷ್ಟು ಜಿಲೇಬಿಯ ಬಾಯಲ್ಲಿ ತತ್ತಿ ಇತ್ತು ಎಂದು ಒಂದು ವಹಿಯಲ್ಲಿ ಬರೆಯಲಿ. ಅದನ್ನು ಕಂಪ್ಯೂಟರಿಗೆ ಹಾಕಿ ನಕ್ಷೆ ಮಾಡುವ ಪ್ರೋಗ್ರಾಂ ನಾನು ಬರೆದುಕೊಡುತ್ತೇನೆ, ಪ್ರತಿ ವರ್ಷ ಬಂದು ನೋಡುತ್ತೇನೆ. ಐದಾರು ವರ್ಷದ ಲೆಕ್ಕ ಕೈಯಲ್ಲಿದ್ದರೆ ಅದನ್ನು ಹಿಡಿದುಕೊಂಡು ಧಾರವಾಡದ ವಿಭಾಗದ ಬಾಗಿಲು ತಟ್ಟಬಹುದು.

ಮಕ್ಕಳೆ, ಆ ಬಾಗಿಲು ತಟ್ಟುವವರು ನಿಮ್ಮಲ್ಲೇ ಯಾರಾದರೂ ಆಗಲಿ.