ಭಟ್ಟಿಯ ಹಿಪ್ಪೆ ಮತ್ತು ಹಾಲು ಬಿಡಿಸಿದ ಕರು
(ವಾಚನಾಲಯದ ಆದಿತ್ಯವಾರದ ಕೂಟದಲ್ಲಿ ಮಾಡಿದ ಭಾಷಣ)



ಗ್ರಾಂಟ್ ರೋಡಿನಲ್ಲಿ ಕುಳಿತು ಕರುಗಳ ಮಾತೇಕೆಂದು ತಾವು ನಗಬಹುದು. ಆದರೆ ಇಲ್ಲಿ ಪತ್ರಿಕೆ ಓದಲು ಬರುವವರಲ್ಲಿ ಊರಿನ ಮನೆಗೆ ಹಣ ಕಳುಹಿಸದವರು ಎಷ್ಟು ಮಂದಿ? ಆ ಹಣದಲ್ಲಿ ಹಟ್ಟಿಯ ಪಾಲೂ ಇದ್ದೇ ಇರುತ್ತದೆ. ಈಚೆಗೆ ಹಿಂಡಿ, ಭೂಸಗಳ ಜೊತೆಗೆ ಹೊಸ ಹೆಸರೊಂದು ಸೇರಿದೆ: ಡಿ.ಡಿ.ಜಿ.ಎಸ್. "ಹಿಂಡಿಗಿಂತ ಅಗ್ಗವಂತೆ, ತರಲೇ?" ಎಂದು ನಮ್ಮ ಅಣ್ಣನವರು ಕೇಳಿದ್ದರು. ನಾವು ಹಿಟ್ಟಿನ ಗಿರಣಿಯಲ್ಲಿ ಭೂಸದ ಚೀಲಗಳ ಲೆಕ್ಕ ಬರೆಯುವವರೇ ಹೊರತು ದನದ ಡಾಕ್ಟರರಲ್ಲ. ಆದರೂ ಓದಿ, ಕೇಳಿ ತಿಳಿದುದನ್ನು, ಕಳಕೊಂಡು ಕಲಿತುದನ್ನು ಹೇಳುತ್ತೇವೆ.

ಮೆಕ್ಕೆಜೋಳವನ್ನೋ ನುಚ್ಚಕ್ಕಿಯನ್ನೋ ಹಿಟ್ಟುಮಾಡಿ, ಬೇಯಿಸಿ, ಹುಳಿಯೆಬ್ಬಿಸಿ ಭಟ್ಟಿ ಇಳಿಸಿದರೆ ಆಲ್ಕೋಹಾಲು ಬೇರೆಯಾಗುತ್ತದೆ. ಉಳಿದ ಹಿಪ್ಪೆಯನ್ನೂ ಗಟ್ಟಿಯಾಗಿ ಕುದಿಸಿದ ನೀರನ್ನೂ ಕೂಡಿಸಿ ಒಣಗಿಸಿದ್ದೇ ಈ ವಸ್ತು. ಹಾಳಾದ ಧಾನ್ಯದಿಂದಲೂ ಎಥನಾಲ್ ತೆಗೆಯಲು 2018ರ ಜೈವಿಕ ಇಂಧನ ನೀತಿಯು ಅವಕಾಶ ಕೊಟ್ಟಿತು. 2025ರಲ್ಲಿ ಪೆಟ್ರೋಲಿನೊಡನೆ ನೂರಕ್ಕೆ 20 ಪಾಲು ಬೆರೆಸುವ ಹಂತ ಮುಟ್ಟಿತು. ಧಾನ್ಯದ ಭಟ್ಟಿಗಳು ಹೆಚ್ಚಿದಂತೆ ಹಿಪ್ಪೆಯೂ ಪೇಟೆಗೆ ಬಂದಿತು. ಬೆಂಗಳೂರಿನ ಸುತ್ತಿನ ಹಾಲಿನವರು 'ಬಿಯರ್ ವೇಸ್ಟ್' ಎನ್ನುವುದು ಇದರ ದಾಯಾದಿ; ಬಾರ್ಲಿಯದು, ಹಸಿಯದು, ನಾಲ್ಕು ದಿನ ಇಟ್ಟರೆ ಕೆಡುವಂಥದು. ಸಾರಾಯಿಯ ಹಿಪ್ಪೆ ತಿಂದ ಹಸುವಿನ ಹಾಲು ದೇವರಿಗೆ ಸಲ್ಲುವುದೇ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ಆಲ್ಕೋಹಾಲು ಆವಿಯಾಗಿ ಮೊದಲೇ ಹೋಗಿರುತ್ತದೆ, ಮತ್ತಿನ ಭಯವಿಲ್ಲ. ಉಳಿದುದನ್ನು ಪುರೋಹಿತರಲ್ಲಿ ಕೇಳಬೇಕು.

ಗುಮಾಸ್ತರ ಲೆಕ್ಕ ಹೀಗೆ. ನೂರು ಕಿಲೋ ಮೆಕ್ಕೆಜೋಳದಲ್ಲಿ ಪ್ರೋಟೀನು ಸುಮಾರು 9 ಕಿಲೋ. ಪಿಷ್ಟವೆಲ್ಲ ಆಲ್ಕೋಹಾಲಾಗಿ ಹೋದ ಮೇಲೆ ಉಳಿಯುವುದು ಸುಮಾರು 30 ಕಿಲೋ. ಆ ಒಂಬತ್ತು ಕಿಲೋ ಈಗ ಈ ಮೂವತ್ತರಲ್ಲಿದೆ. ಅಂದರೆ ಮೂರು ಪಟ್ಟು ಸಾರ. ಆದರೆ ಒಳ್ಳೆಯದು ಮೂರು ಪಟ್ಟಾಗುವಾಗ ಕೆಟ್ಟದ್ದೂ ಮೂರು ಪಟ್ಟಾಗುತ್ತದೆ. ಜೋಳದಲ್ಲಿ ಬೂಷ್ಟಿನ ವಿಷವಿದ್ದರೆ ಭಟ್ಟಿಯ ಬೆಂಕಿಗೂ ಅದು ಸಾಯುವುದಿಲ್ಲ. ಅಫ್ಲಾಟಾಕ್ಸಿನ್ ಎಂಬ ಆ ವಿಷ ಹಾಲಿಗೂ ಇಳಿಯುತ್ತದೆ.

ಗುಡ್ಡೆಗೆ ಮೇಯಲು ಹೋಗುವ ದನಗಳಿಗೆ ಇದು ನಿಜವಾಗಿ ಉಪಕಾರಿ. ಮಾರ್ಚಿ ಏಪ್ರಿಲಿನಲ್ಲಿ ಮುಳಿಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಬೈಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಮಾತ್ರ. ಹೊಟ್ಟೆಯೊಳಗೆ ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳಿಗೇ ಉಪವಾಸವಾದರೆ ದನ ಎಷ್ಟು ಮೇದರೂ ಸೊರಗುತ್ತದೆ. ಆಗ ಅನ್ನ, ಅಕ್ಕಿಹಿಟ್ಟು ಸುರಿಯುವುದು ನಮ್ಮವರ ತಪ್ಪು. ಮದುವೆಮನೆಯ ಉಳಿದ ಅನ್ನ ತಿಂದು ಹೊಟ್ಟೆ ಹುಳಿಯಾಗಿ ಸತ್ತ ದನವನ್ನು ಊರಿನಲ್ಲಿ ಕಾಣದವರಾರು? ಹಿಪ್ಪೆಯಲ್ಲಿ ಪಿಷ್ಟ ಕಡಿಮೆಯಾದ್ದರಿಂದ ಆ ಅಪಾಯ ಕಡಿಮೆ. ನಮ್ಮ ಮಲೆನಾಡು ಗಿಡ್ಡಕ್ಕೆ ಸಂಜೆ ಅರ್ಧ ಕಿಲೋ ಸಾಕು.

ಕರುವಿನ ಮಾತು ಬೇರೆ. ಈ ಪೇಟೆಯ ತಬೇಲಾಗಳಲ್ಲಿ ಹಾಲೆಲ್ಲ ಗಿರಾಕಿಗೆ ಹೋಗಿ ಕರುವಿಗೆ ಏನೂ ಉಳಿಯದಿದ್ದ ಕಾಲವಿತ್ತು. ಎಮ್ಮೆಗಳನ್ನು ಊರಹೊರಗೆ ಒಯ್ಯಲು 1949ರಲ್ಲಿ ಗೋರೆಗಾಂವಿನ ಆರೆ ಕಾಲೊನಿ ಹುಟ್ಟಿತು. ಹಳ್ಳಿಯಲ್ಲೂ ಸೊಸೈಟಿಗೆ ಹಾಲು ಹಾಕಬೇಕೆಂದು ಕರುವನ್ನು ಬೇಗ ಬಿಡಿಸುತ್ತಾರೆ. ಮೂರು ತಿಂಗಳ ಕರುವಿನ ದೊಡ್ಡ ಹೊಟ್ಟೆ ಇನ್ನೂ ಪಳಗಿರುವುದಿಲ್ಲ. ದಿನಕ್ಕೆ ಒಂದು ಕಿಲೋ ದಾಣಿ ತಿನ್ನುವ ಕರುವಾದರೆ ಅದರಲ್ಲಿ ಐದನೆಯ ಒಂದು ಪಾಲು, ಎಂದರೆ 200 ಗ್ರಾಂ, ಈ ಹಿಪ್ಪೆಯಿರಲಿ. ಅದೂ ಚಿಟಿಕೆಯಿಂದ ಆರಂಭಿಸಿ, ಎರಡು ವಾರಗಳಲ್ಲಿ ಏರಿಸಿ. ಜೊತೆಗೆ ಒಳ್ಳೆಯ ಒಣಹುಲ್ಲು, ಬೇಕಾದಷ್ಟು ನೀರು. ಇದರಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ಗಂಡುಕರುವಿಗೆ ಮೂತ್ರದಲ್ಲಿ ಕಲ್ಲು ಕಟ್ಟಬಹುದು. ಯಾವ ಖನಿಜದ ಪುಡಿ, ಎಷ್ಟು ಎಂಬುದನ್ನು ದನದ ಡಾಕ್ಟರರಿಂದಲೇ ಕೇಳಿಕೊಳ್ಳಬೇಕು. ಗಂಧಕ ಹೆಚ್ಚಾದರೆ ಮೆದುಳಿಗೆ ಪೆಟ್ಟಾಗಿ ಕಣ್ಣು ಕಾಣದಾಗುವುದೂ ಉಂಟು.

ನಮ್ಮ ಮನೆಯಲ್ಲಿ ಇದಾವುದನ್ನೂ ಕೇಳಲಿಲ್ಲ. ಅಗ್ಗವೆಂದು ಹಣ ಕಳುಹಿಸಿದವರು ನಾವೇ. ಆಷಾಢದ ಮಳೆಯಲ್ಲಿ ಚೀಲ ಹಟ್ಟಿಯ ನೆಲದ ಮೇಲೆ ಕುಳಿತಿತ್ತು. ಅಡಿಯಲ್ಲಿ ಹಸುರು ಬೂಷ್ಟು ಹಿಡಿದು ಗಂಟುಗಟ್ಟಿತು. ಮೇಲಿನದು ಚೆನ್ನಾಗಿದೆಯೆಂದು ಅತ್ತಿಗೆಯವರು ಗಂಟುಗಳನ್ನು ಪುಡಿಮಾಡಿ ಹೆಣ್ಣುಕರುವಿಗೆ ಹಾಕಿದರು. ಕರು ಮೇವು ಬಿಟ್ಟಿತು, ಭೇದಿಯಾಯಿತು, ಹನ್ನೊಂದನೆಯ ದಿನ ಸತ್ತಿತು. ಬೂಷ್ಟೇ ಕಾರಣವೆಂದು ಪ್ರಮಾಣ ಮಾಡಿ ಹೇಳಲಾರೆವು. ಆದರೆ ತಾಯಿ ಹಸು ಎರಡು ದಿನ ಕೂಗಿದ್ದನ್ನು ಅತ್ತಿಗೆಯವರು ಫೋನಿನಲ್ಲೇ ನಮಗೆ ಕೇಳಿಸಿದರು.

ಈಗ ಚೀಲ ಹಲಗೆಯ ಮೇಲೆ, ಗೋಡೆಯಿಂದ ದೂರ ಇರುತ್ತದೆ. ಮಳೆಗಾಲಕ್ಕೆ ಒಂದು ತಿಂಗಳಿಗಾಗುವಷ್ಟೇ ತರುತ್ತಾರೆ. ಮೂಗಿಗೆ ಹಿಡಿದು, ಕೈಯಲ್ಲಿ ಹಿಂಡಿ ನೋಡಿ ಕೊಳ್ಳುತ್ತಾರೆ. ಕಪ್ಪಗೆ ಕರಟಿದ ವಾಸನೆಯದ್ದನ್ನು ಬಿಡುತ್ತಾರೆ. ಅದೇ ಹಸುವಿನ ಮುಂದಿನ ಕರುವಿಗೆ ಈಗ ಐದು ತಿಂಗಳು. ಅಣ್ಣನವರು ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ 200 ಗ್ರಾಂ ತೂಗಿಸಿ, ಅದು ಬರುವಷ್ಟಕ್ಕೆ ತೆಂಗಿನ ಗೆರಟೆಯೊಂದಕ್ಕೆ ಗೆರೆ ಕೊರೆದು ಹಟ್ಟಿಯ ಕಂಬಕ್ಕೆ ನೇತುಹಾಕಿದ್ದಾರೆ.